ಎಣ್ಣೆ ಉರಿಸಿ ವಿದ್ಯುತ್ತು: ಬ್ಯಾಂಕ್‌ಸೈಡ್‌ನಿಂದ ಯಲಹಂಕದವರೆಗೆ

ವಿದ್ಯುತ್ ಉತ್ಪಾದನೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಅಣೆಕಟ್ಟು, ಕಲ್ಲಿದ್ದಲು ಸ್ಥಾವರದ ಎತ್ತರದ ಚಿಮಣಿ, ಕೈಗಾದಂಥ ಪರಮಾಣು ಕೇಂದ್ರ. ಈಚೆಗೆ ಈ ಸಾಲಿಗೆ ಗಾಳಿಯಂತ್ರವೂ ಸೌರಫಲಕವೂ ಸೇರಿವೆ. ಪೆಟ್ರೋಲಿಯಂ ಎಂದರೆ ಮಾತ್ರ ವಾಹನಗಳ ಇಂಧನ ಎಂದೇ ನಮ್ಮ ಎಣಿಕೆ. ಆದರೆ 1973ರಲ್ಲಿ ಇಡೀ ಜಗತ್ತು ಬಳಸಿದ ವಿದ್ಯುತ್ತಿನ ಸುಮಾರು ಕಾಲು ಭಾಗ ಹುಟ್ಟಿದ್ದು ಎಣ್ಣೆಯನ್ನು ಉರಿಸಿ! ಜಪಾನಿನಲ್ಲಂತೂ ಈ ಪಾಲು ಮುಕ್ಕಾಲರಷ್ಟಿತ್ತು. ಈಗ ಜಗತ್ತಿನ ವಿದ್ಯುತ್ತಿನಲ್ಲಿ ಎಣ್ಣೆಯ ಪಾಲು ನೂರಕ್ಕೆ ಮೂರರ ಆಸುಪಾಸಿಗೆ ಇಳಿದಿದೆ. ಐದು ದಶಕಗಳಲ್ಲಿ ಬೇರಾವ ಪ್ರಮುಖ ಇಂಧನವೂ ವಿದ್ಯುತ್ ಕ್ಷೇತ್ರದಲ್ಲಿ ಇಷ್ಟೊಂದು ಕುಸಿದಿಲ್ಲ. ಎಣ್ಣೆ ಬಾಯ್ಲರಿನೊಳಗೆ ಹೇಗೆ ಬಂತು, ಯಾಕೆ ಹೊರಬಿತ್ತು, ಹೊರಬಿದ್ದ ಮೇಲೂ ಕರ್ನಾಟಕ, ಕೇರಳಗಳಲ್ಲಿ ಹೊಸದಾಗಿ ಯಾಕೆ ಕಾಣಿಸಿಕೊಂಡಿತು ಎಂಬುದನ್ನು ಇಲ್ಲಿ ನೋಡೋಣ.

ಉಳಿಕೆಯ ಸಮಸ್ಯೆ

ನೆಲದಿಂದ ಬರುವ ಕಚ್ಚಾ ತೈಲವನ್ನು ಆಸವನ ಗೋಪುರದಲ್ಲಿ ಕಾಯಿಸಿದಾಗ ಮೊದಲು ಹಗುರ ಭಾಗಗಳು ಆವಿಯಾಗಿ ಬೇರೆಯಾಗುತ್ತವೆ. ನ್ಯಾಫ್ತಾ, ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ ಹೀಗೆ ಒಂದೊಂದೇ ಹೊರಬಂದ ಮೇಲೆ ತಳದಲ್ಲಿ ಕಪ್ಪಗೆ, ಮಂದವಾಗಿ, ಡಾಂಬರಿನ ನೆಂಟನಂತೆ ಉಳಿಯುವುದೇ ಉಳಿಕೆ ತೈಲ. ನಮ್ಮಲ್ಲಿ ಇದನ್ನು ಫರ್ನೇಸ್ ಆಯಿಲ್ ಎಂದು ಕರೆಯುವುದು ರೂಢಿ. ಹತ್ತೊಂಬತ್ತನೆಯ ಶತಮಾನದ ಗ್ರಾಹಕನಿಗೆ ಬೇಕಿದ್ದುದು ದೀಪಕ್ಕೆ ಸೀಮೆಎಣ್ಣೆ ಮಾತ್ರ. ಮಿಕ್ಕಿದ್ದನ್ನು ಏನು ಮಾಡುವುದು ಎಂಬುದೇ ಸಂಸ್ಕರಣಾಗಾರಗಳ ತಲೆನೋವು.

ಈ ತಲೆನೋವು ಹೆಚ್ಚಾಗಿ ಕಾಡಿದ್ದು ರಷ್ಯಾದ ಬಾಕು ಪ್ರದೇಶವನ್ನು. ಅಲ್ಲಿಯ ಕಚ್ಚಾ ತೈಲದಲ್ಲಿ ಉಳಿಕೆಯ ಪ್ರಮಾಣ ಹೆಚ್ಚು. ಹಾಗೆಯೇ ಬೆಂಕಿ ಹಚ್ಚಿದರೆ ಅದು ಹೊಗೆ ಕಾರುತ್ತದೆಯೇ ಹೊರತು ಸರಿಯಾಗಿ ಉರಿಯುವುದಿಲ್ಲ. ವ್ಲಾದಿಮಿರ್ ಶುಕೋವ್ ಎಂಬ ಎಂಜಿನಿಯರ್ 1880ರ ಸುಮಾರಿನಲ್ಲಿ ಇದಕ್ಕೊಂದು ಸರಳ ಉಪಾಯ ಕಂಡುಕೊಂಡ. ಉಗಿಯ ರಭಸದಿಂದ ಎಣ್ಣೆಯನ್ನು ಸಣ್ಣ ಸಣ್ಣ ಹನಿಗಳಾಗಿ ಸಿಡಿಸಿ ಕುಲುಮೆಯೊಳಗೆ ಎರಚುವ ನಳಿಕೆಯೇ ಆ ಉಪಾಯ. ಹನಿ ಚಿಕ್ಕದಾದಷ್ಟೂ ಗಾಳಿಗೆ ತೆರೆದುಕೊಳ್ಳುವ ಮೇಲ್ಮೈ ಹೆಚ್ಚು, ಉರಿಯುವುದು ಸುಲಭ. ಇಂದಿನ ಬಾಯ್ಲರುಗಳ ಎಣ್ಣೆ ಬರ್ನರುಗಳಲ್ಲಿ ಇರುವುದೂ ಇದೇ ತತ್ತ್ವ. ಕ್ಯಾಸ್ಪಿಯನ್ ಸಮುದ್ರದ ಮತ್ತು ವೋಲ್ಗಾ ನದಿಯ ಹಡಗುಗಳು ಸೌದೆ, ಕಲ್ಲಿದ್ದಲುಗಳನ್ನು ಬಿಟ್ಟು ಉಳಿಕೆ ಎಣ್ಣೆಗೆ ತಿರುಗಿದವು.

1901ರ ಜನವರಿ 10ರಂದು ಅಮೆರಿಕದ ಟೆಕ್ಸಾಸಿನ ಸ್ಪಿಂಡಲ್‌ಟಾಪ್ ದಿಬ್ಬದಲ್ಲಿ ತೈಲದ ಬುಗ್ಗೆ ಚಿಮ್ಮಿತು. ಕೆಲಕಾಲ ಎಣ್ಣೆಯ ಬೆಲೆ ಬ್ಯಾರೆಲಿಗೆ ಕೆಲವೇ ಸೆಂಟುಗಳಿಗೆ ಇಳಿಯಿತು. ಒಳ್ಳೆಯ ಕಲ್ಲಿದ್ದಲು ಇಲ್ಲದ ಕ್ಯಾಲಿಫೋರ್ನಿಯಾದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಿಂದಲೇ ವಿದ್ಯುತ್ ಕೇಂದ್ರಗಳ ಬಾಯ್ಲರುಗಳಲ್ಲಿ ಸ್ಥಳೀಯ ಎಣ್ಣೆ ಉರಿಯತೊಡಗಿತು. ಅತ್ತ ಯೂರೋಪಿನಲ್ಲಿ ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ತನ್ನ ಎಂಜಿನನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದ್ದ. ಇಲ್ಲಿ ಬಾಯ್ಲರು, ಉಗಿ, ಟರ್ಬೈನು ಯಾವುದೂ ಬೇಡ. ಸಿಲಿಂಡರಿನೊಳಗೇ ಎಣ್ಣೆ ಉರಿದು ಪಿಸ್ಟನ್ನನ್ನು ತಳ್ಳುತ್ತದೆ, ಅದು ತಿರುಗಿಸುವ ದಂಡಕ್ಕೆ ಜನರೇಟರ್ ಜೋಡಿಸಿದರಾಯಿತು. 1904ರಲ್ಲಿ ಕೀವ್ ನಗರದ ಟ್ರಾಮ್‌ಗಳಿಗೆ ವಿದ್ಯುತ್ ಒದಗಿಸಲು ತಲಾ 400 ಅಶ್ವಶಕ್ತಿಯ ನಾಲ್ಕು ಡೀಸೆಲ್ ಎಂಜಿನುಗಳ ಕೇಂದ್ರ ಸಿದ್ಧವಾಯಿತು.

ಹೀಗೆ ಎಣ್ಣೆಯಿಂದ ವಿದ್ಯುತ್ ಪಡೆಯುವ ಎರಡು ದಾರಿಗಳೂ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ತೆರೆದಿದ್ದವು. ಒಂದು ಉಗಿಯ ದಾರಿ, ದೊಡ್ಡ ಕೇಂದ್ರಗಳಿಗೆ ತಕ್ಕುದು. ಇನ್ನೊಂದು ಎಂಜಿನಿನ ದಾರಿ, ಚಿಕ್ಕ ಊರು, ದ್ವೀಪ, ಗಣಿ, ಕಾರ್ಖಾನೆಗಳಿಗೆ ಅನುಕೂಲ. ಗ್ಯಾಸ್ ಟರ್ಬೈನಿನ ಮೂರನೆಯ ದಾರಿ ಬಂದದ್ದು ಬಹಳ ತಡವಾಗಿ.

ಬಾಯ್ಲರಿನವನ ಪ್ರೀತಿ, ಲೋಹಶಾಸ್ತ್ರಜ್ಞನ ಸಿಟ್ಟು

ಕಲ್ಲಿದ್ದಲು ಕೇಂದ್ರವೊಂದನ್ನು ಒಳಹೊಕ್ಕು ನೋಡಿದವರಿಗೆ ಎಣ್ಣೆಯ ಅನುಕೂಲ ತಕ್ಷಣ ತಿಳಿಯುತ್ತದೆ. ನಮ್ಮ ರಾಯಚೂರಿನ 210 ಮೆಗಾವಾಟಿನ ಒಂದೇ ಒಂದು ಘಟಕ ದಿನಕ್ಕೆ ಸುಮಾರು 3,500 ಟನ್ ಕಲ್ಲಿದ್ದಲು ನುಂಗುತ್ತದೆ. ಎಂದರೆ ದಿನಕ್ಕೊಂದು ಗೂಡ್ಸ್ ರೈಲು. ಅದನ್ನು ಇಳಿಸಬೇಕು, ರಾಶಿ ಹಾಕಬೇಕು, ಪುಡಿ ಮಾಡಬೇಕು, ಗಾಳಿಯೊಡನೆ ಊದಬೇಕು. ಭಾರತದ ಕಲ್ಲಿದ್ದಲಿನಲ್ಲಿ ನೂರಕ್ಕೆ 35ರಿಂದ 40ರಷ್ಟು ಬೂದಿ ಇರುವುದರಿಂದ ಬಂದ ರೈಲಿನ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಮಾಲನ್ನು ಬೂದಿಯ ಕೆರೆಗೆ ಸಾಗಿಸಬೇಕು. ಎಣ್ಣೆಗೆ ಇದಾವುದೂ ಇಲ್ಲ. ಹಡಗಿನಿಂದಲೋ ಸಂಸ್ಕರಣಾಗಾರದಿಂದಲೋ ಕೊಳವೆಯಲ್ಲಿ ಬರುತ್ತದೆ, ತೊಟ್ಟಿಯಲ್ಲಿ ನಿಲ್ಲುತ್ತದೆ. ಬೂದಿ ನೂರಕ್ಕೆ 0.1ಕ್ಕಿಂತ ಕಡಿಮೆ. ಒಂದು ಕಿಲೋಗ್ರಾಂ ಎಣ್ಣೆಯಲ್ಲಿ 9,600 ಕಿಲೋಕ್ಯಾಲೊರಿಗೂ ಮಿಕ್ಕಿ ಉಷ್ಣವಿದೆ. ಇದು ನಮ್ಮ ಕಲ್ಲಿದ್ದಲಿನ ಎರಡೂವರೆ ಪಟ್ಟು. ಬಾಯ್ಲರು ಚಿಕ್ಕದು, ಕೆಲಸಗಾರರು ಕಡಿಮೆ, ಬೇಡಿಕೆ ಏರಿಳಿದಂತೆ ಜ್ವಾಲೆಯನ್ನು ಏರಿಸುವುದೂ ಇಳಿಸುವುದೂ ಸುಲಭ.

ಹಾಗೆಂದು ಎಣ್ಣೆ ಸಾಧುವಾದ ಇಂಧನವೇನಲ್ಲ. ಫರ್ನೇಸ್ ಆಯಿಲ್ ತಣ್ಣಗಿದ್ದರೆ ಹರಿಯಲು ಒಲ್ಲದು. ಕೊಳವೆಯ ಉದ್ದಕ್ಕೂ ಉಗಿಯ ನಳಿಗೆ ಸುತ್ತಿ ಬಿಸಿಯಾಗಿಡಬೇಕು. ಬರ್ನರಿನ ಬಾಯಿಗೆ ಬರುವಾಗ ಅದು ನೂರು ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾದಿರಬೇಕು. ಇದಕ್ಕಿಂತ ಕೆಟ್ಟದ್ದು ಅದರಲ್ಲಿ ಅಡಗಿರುವ ವೆನೇಡಿಯಂ. ವೆನೆಜುವೆಲಾದಂಥ ಕಡೆಯ ಕಚ್ಚಾ ತೈಲದಲ್ಲಿ ಈ ಲೋಹ ಸ್ವಲ್ಪ ಹೆಚ್ಚಾಗಿಯೇ ಇರುತ್ತದೆ. ಆಸವನದಲ್ಲಿ ಅದು ಆವಿಯಾಗುವುದಿಲ್ಲ, ಪೂರ್ತಿ ಉಳಿಕೆಗೇ ಬಂದು ಸೇರುತ್ತದೆ. ಉರಿದಾಗ ವೆನೇಡಿಯಂ ಪೆಂಟಾಕ್ಸೈಡ್ ಆಗಿ, ಸುಮಾರು 680 ಡಿಗ್ರಿಯಲ್ಲೇ ಕರಗಿ, ಉಗಿಯನ್ನು ಅತಿಯಾಗಿ ಕಾಯಿಸುವ ನಳಿಗೆಗಳ ಮೇಲೆ ಅಂಟಿಕೊಂಡು ಉಕ್ಕನ್ನು ತಿನ್ನತೊಡಗುತ್ತದೆ. ಸೋಡಿಯಂ ಜೊತೆಗೂಡಿದರೆ ಇನ್ನೂ ಕಡಿಮೆ ಉಷ್ಣತೆಯಲ್ಲೇ ಈ ಕೇಡು ಶುರು. ಅದೇ ವೆನೇಡಿಯಂ ಗಂಧಕದ ಅನಿಲವನ್ನು ಸಲ್ಫರ್ ಟ್ರೈಆಕ್ಸೈಡ್ ಆಗಿಸುವ ಕ್ರಿಯೆಗೆ ವೇಗವರ್ಧಕವೂ ಹೌದು. ಹೊಗೆ ತಣಿಯುವ ಬಾಲದ ತುದಿಯಲ್ಲಿ ಅದು ಗಂಧಕಾಮ್ಲವಾಗಿ ಇನ್ನೊಂದು ಕಡೆಯ ಲೋಹವನ್ನು ತಿನ್ನುತ್ತದೆ. ಹೀಗೆ ಬಾಯ್ಲರಿನ ಬಿಸಿ ತುದಿಗೂ ಹಾನಿ, ತಣ್ಣನೆಯ ತುದಿಗೂ ಹಾನಿ. ಗಂಧಕವಂತೂ ಕೇಂದ್ರದ ಗೋಡೆಯೊಳಗೇ ನಿಲ್ಲುವುದಿಲ್ಲ. ನೂರಕ್ಕೆ ಮೂರರಷ್ಟು ಗಂಧಕವಿರುವ ಒಂದು ಟನ್ ಎಣ್ಣೆ ಉರಿದರೆ 60 ಕಿಲೋಗ್ರಾಂ ಸಲ್ಫರ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ.

ಥೇಮ್ಸ್ ದಂಡೆಯ ಇಟ್ಟಿಗೆ ಕಟ್ಟಡ

ಎಣ್ಣೆಯ ಸ್ಥಾವರಗಳ ಏರಿಳಿತವನ್ನು ಒಂದೇ ಕಟ್ಟಡದಲ್ಲಿ ಓದಬೇಕೆಂದರೆ ಲಂಡನ್ನಿನ ಬ್ಯಾಂಕ್‌ಸೈಡ್‌ಗೆ ಹೋಗಬೇಕು. ಅಲ್ಲಿ 1890ರ ದಶಕದಿಂದಲೂ ಕಲ್ಲಿದ್ದಲಿನ ಹಳೆಯ ಕೇಂದ್ರವೊಂದಿತ್ತು. ಎರಡನೆಯ ಮಹಾಯುದ್ಧದ ಕೊನೆಗೆ ಅದರ ಜಾಗದಲ್ಲಿ ಹೊಸದನ್ನು ಕಟ್ಟುವ ಪ್ರಸ್ತಾಪ ಬಂದಾಗ ಬಲವಾದ ವಿರೋಧ ಎದ್ದಿತು. ನದಿಯ ಆಚೆ ದಂಡೆಯಲ್ಲಿ, ಸರಿಯಾಗಿ ಎದುರಿಗೆ, ಸೇಂಟ್ ಪಾಲ್ಸ್ ಕ್ಯಾಥೆಡ್ರಲ್ ಇದೆ. ಅದರ ಗುಮ್ಮಟದ ಎದುರು ಹೊಗೆ ಉಗುಳುವ ಚಿಮಣಿಯೇ ಎಂದು ಜನ ಕೇಳಿದರು.

ಅಷ್ಟರಲ್ಲಿ 1947ರ ಚಳಿಗಾಲ ಬಂತು. ಹಿಮದಲ್ಲಿ ಕಲ್ಲಿದ್ದಲಿನ ರೈಲುಗಳು ಸಿಕ್ಕಿಬಿದ್ದವು, ಗಣಿಗಳಲ್ಲಿ ಮೊದಲೇ ಉತ್ಪಾದನೆ ಸಾಲದಾಗಿತ್ತು, ಬ್ರಿಟನ್ನಿನ ಕಾರ್ಖಾನೆಗಳೂ ಮನೆಗಳೂ ಕತ್ತಲಾದವು. ಕಲ್ಲಿದ್ದಲನ್ನೇ ನಂಬಿ ಕೂತರೆ ಆಗದು ಎಂಬ ಭಾವನೆ ಸರ್ಕಾರದಲ್ಲಿ ಬಲಗೊಂಡು ಬ್ಯಾಂಕ್‌ಸೈಡ್‌ಗೆ ಅನುಮತಿ ಸಿಕ್ಕಿತು. ಆದರೆ ಎಣ್ಣೆಯ ಸ್ಥಾವರವಾಗಿ. ವಾಸ್ತುಶಿಲ್ಪಿ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಒಂದೇ ಚಿಮಣಿಯ ಇಟ್ಟಿಗೆ ಕಟ್ಟಡವನ್ನು ರೂಪಿಸಿದ. ಚಿಮಣಿಯ ಎತ್ತರ 99 ಮೀಟರ್. ಎದುರಿನ ಗುಮ್ಮಟ 111 ಮೀಟರ್. ಗುಮ್ಮಟವನ್ನು ಮೀರಬಾರದೆಂಬ ಎಚ್ಚರ ಇದರಲ್ಲಿದೆ. 1952ರಲ್ಲಿ ಮೊದಲ ಹಂತ ಉತ್ಪಾದನೆ ಆರಂಭಿಸಿತು, 1963ಕ್ಕೆ ಕೇಂದ್ರ ಪೂರ್ಣವಾಯಿತು. ಎಣ್ಣೆ ದೋಣಿಗಳಲ್ಲಿ ಬಂದು ನೆಲದಡಿಯ ಮೂರು ಭಾರಿ ತೊಟ್ಟಿಗಳಿಗೆ ಇಳಿಯುತ್ತಿತ್ತು. ಗಂಧಕ ತೆಗೆಯಲು ಹೊಗೆಯನ್ನು ಥೇಮ್ಸ್ ನೀರಿನಿಂದ ತೊಳೆಯುವ ವ್ಯವಸ್ಥೆಯಿತ್ತು. ತೊಳೆದ ಹೊಗೆ ತಣ್ಣಗಾಗಿ ಮೇಲೇರದೆ ಕೆಳಗೇ ಬಾಗುತ್ತಿತ್ತು, ತೊಳೆದ ನೀರು ನದಿಗೇ ಸೇರುತ್ತಿತ್ತು ಎಂಬುದು ಬೇರೆ ಮಾತು. ಒಂದು ಕಡೆಯ ಮಾಲಿನ್ಯವನ್ನು ಇನ್ನೊಂದು ಕಡೆಗೆ ಸರಿಸುವುದನ್ನೇ ಪರಿಹಾರವೆಂದು ತಿಳಿಯುವ ಅಭ್ಯಾಸ ಹೊಸದಲ್ಲ.

ಎಣ್ಣೆಯ ಬೆಲೆ ಏರಿದ ಮೇಲೆ 1981ರಲ್ಲಿ ಬ್ಯಾಂಕ್‌ಸೈಡ್ ಮುಚ್ಚಿತು. ಪೂರ್ಣಗೊಂಡು ಹದಿನೆಂಟೇ ವರ್ಷ! ಕಲ್ಲಿದ್ದಲಿನ ಕೇಂದ್ರಗಳು ನಲವತ್ತು ವರ್ಷ ದುಡಿಯುವುದು ಸಾಮಾನ್ಯ ಎಂಬುದನ್ನು ಇಲ್ಲಿ ನೆನೆಯಬೇಕು. 2000ದ ಮೇ ತಿಂಗಳಿಂದ ಅದು ಟೇಟ್ ಮಾಡರ್ನ್ ಎಂಬ ಕಲಾಸಂಗ್ರಹಾಲಯವಾಗಿದೆ. 2012ರಿಂದ ಆ ಎಣ್ಣೆ ತೊಟ್ಟಿಗಳೂ ಪ್ರದರ್ಶನದ ಅಂಗಳಗಳಾಗಿವೆ.

ಜಪಾನಿನ ಲೆಕ್ಕ

1950 ಮತ್ತು 60ರ ದಶಕಗಳಲ್ಲಿ ಮಧ್ಯಪ್ರಾಚ್ಯದ ತೈಲ ಹೇರಳವಾಗಿ, ಅಗ್ಗವಾಗಿ ಹರಿಯಿತು. ಬ್ಯಾರೆಲಿಗೆ ಎರಡು ಡಾಲರಿನ ಆಸುಪಾಸು. ಇದರ ಪೂರ್ಣ ಪ್ರಯೋಜನ ಪಡೆದ ದೇಶ ಜಪಾನ್. ಅದಕ್ಕೆ ಕಲ್ಲಿದ್ದಲಿನ ಗಣಿಗಳಿದ್ದರೂ ಅವು ಆಳದವು, ದುಬಾರಿಯವು. ಮೊದಲು ದೇಶೀ ಕಲ್ಲಿದ್ದಲನ್ನು ಉಳಿಸಿಕೊಳ್ಳಲು ಸರ್ಕಾರ ಎಣ್ಣೆಯ ಬಾಯ್ಲರುಗಳ ಮೇಲೆ ನಿರ್ಬಂಧ ಹೇರಿ ನೋಡಿತು. ನಿಲ್ಲಲಿಲ್ಲ. ಗಣಿಗಳು ಕಾರ್ಮಿಕರನ್ನು ಕಡಿತ ಮಾಡತೊಡಗಿದವು. 1960ರಲ್ಲಿ ಮೀಕೆ ಗಣಿಯಲ್ಲಿ ತಿಂಗಳುಗಟ್ಟಲೆ ನಡೆದ ಮುಷ್ಕರ ಕಾರ್ಮಿಕರ ಸೋಲಿನಲ್ಲಿ ಮುಗಿಯಿತು. ಸಮುದ್ರ ತೀರದ ಉದ್ದಕ್ಕೂ ಸಂಸ್ಕರಣಾಗಾರ, ರಾಸಾಯನಿಕ ಕಾರ್ಖಾನೆ, ಎಣ್ಣೆಯ ವಿದ್ಯುತ್ ಸ್ಥಾವರ ಮೂರೂ ಒಂದಕ್ಕೊಂದು ಅಂಟಿಕೊಂಡ ಸಂಕೀರ್ಣಗಳು ಎದ್ದವು.

ಇದರ ಬೆಲೆಯನ್ನು ಮೊದಲು ತೆತ್ತವರು ಯೊಕ್ಕಾಯಿಚಿ ಊರಿನವರು. ಅಲ್ಲಿಯ ಸಂಕೀರ್ಣದಲ್ಲಿ ಉರಿಯುತ್ತಿದ್ದುದು ಗಂಧಕ ಹೆಚ್ಚಿರುವ ಮಧ್ಯಪ್ರಾಚ್ಯದ ಎಣ್ಣೆ. 1960ರ ದಶಕದ ಆರಂಭದಿಂದಲೇ ಅಲ್ಲಿಯ ಮಕ್ಕಳಲ್ಲಿ, ಮುದುಕರಲ್ಲಿ ಉಬ್ಬಸ ಕಾಣಿಸಿಕೊಂಡು, ಆ ಕಾಯಿಲೆಗೆ ಊರಿನ ಹೆಸರೇ ಬಿತ್ತು. 1967ರಲ್ಲಿ ಒಂಬತ್ತು ಮಂದಿ ರೋಗಿಗಳು ಆರು ಕಂಪನಿಗಳ ಮೇಲೆ ದಾವೆ ಹೂಡಿದರು. ಆ ಆರರಲ್ಲಿ ವಿದ್ಯುತ್ ಕಂಪನಿಯಾದ ಚೂಬು ಎಲೆಕ್ಟ್ರಿಕ್ ಕೂಡ ಒಂದು. ಯಾವ ಚಿಮಣಿಯ ಹೊಗೆ ಯಾರ ಶ್ವಾಸಕೋಶ ಸೇರಿತು ಎಂದು ಬಿಡಿಸಿ ತೋರಿಸುವುದು ಅಸಾಧ್ಯವಷ್ಟೆ. ಆದರೂ 1972ರ ಜುಲೈ 24ರಂದು ನ್ಯಾಯಾಲಯ ಆರೂ ಕಂಪನಿಗಳನ್ನು ಒಟ್ಟಿಗೆ ಹೊಣೆಯಾಗಿಸಿ ತೀರ್ಪು ಕೊಟ್ಟಿತು. ಗಂಧಕ ಕಡಿಮೆಯಿರುವ ಇಂಡೋನೇಷ್ಯಾದ ಕಚ್ಚಾ ತೈಲವನ್ನು ಶುದ್ಧೀಕರಿಸದೆಯೇ ನೇರವಾಗಿ ಬಾಯ್ಲರಿಗೆ ಹಾಕುವುದು, ಹೊಗೆಯಿಂದ ಗಂಧಕ ತೆಗೆಯುವ ಯಂತ್ರಗಳು, 1969ರಿಂದ ಅಲಾಸ್ಕಾದಿಂದ ದ್ರವೀಕೃತ ನೈಸರ್ಗಿಕ ಅನಿಲದ ಆಮದು, ಇವೆಲ್ಲ ಈ ಉಬ್ಬಸದ ಕಾಲದ ಫಲಗಳೇ. ಎಂದರೆ ಎಣ್ಣೆಯ ಬೆಲೆ ಏರುವುದಕ್ಕೆ ಮುಂಚೆಯೇ ಜಪಾನಿನಲ್ಲಿ ಅದರ ಹೆಸರು ಕೆಟ್ಟಿತ್ತು. ಇತಿಹಾಸ ಬರೆಯುವವರು 1973ನ್ನೇ ಎಲ್ಲಕ್ಕೂ ಕಾರಣವಾಗಿಸುವುದು ಪೂರ್ತಿ ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಇನ್ನು 1973. ಅಕ್ಟೋಬರಿನಲ್ಲಿ ಅರಬ್-ಇಸ್ರೇಲ್ ಯುದ್ಧ, ಅದರ ಬೆನ್ನಲ್ಲೇ ಅರಬ್ ರಾಷ್ಟ್ರಗಳಿಂದ ತೈಲ ನಿರ್ಬಂಧ. ಬ್ಯಾರೆಲಿಗೆ ಮೂರು ಡಾಲರಿದ್ದ ಘೋಷಿತ ಬೆಲೆ 1974ರ ಜನವರಿಗೆ 11.65 ಡಾಲರಾಯಿತು. 1979ರ ಇರಾನ್ ಕ್ರಾಂತಿಯ ನಂತರ ಮತ್ತೆ ಏರಿ 1981ಕ್ಕೆ 34 ಡಾಲರ್ ಮುಟ್ಟಿತು. ಇದು ವಿದ್ಯುತ್ತಿಗೆ ಏನು ಮಾಡಿತೆಂಬುದನ್ನು ಓದುಗರು ತಾವೇ ಲೆಕ್ಕ ಹಾಕಬಹುದು. ಒಂದು ಬ್ಯಾರೆಲ್ ಎಂದರೆ 159 ಲೀಟರ್, ಸುಮಾರು 150 ಕಿಲೋಗ್ರಾಂ ಎಣ್ಣೆ. ಕಿಲೋಗ್ರಾಮಿಗೆ ಸುಮಾರು 11 ಯೂನಿಟ್ಟಿಗೆ ಸಮನಾದ ಉಷ್ಣ. ಉಗಿ ಕೇಂದ್ರದ ದಕ್ಷತೆ ನೂರಕ್ಕೆ 35 ಎಂದರೆ ಒಂದು ಬ್ಯಾರೆಲಿಗೆ ಸಿಗುವುದು 580 ಯೂನಿಟ್ ವಿದ್ಯುತ್. ಎಣ್ಣೆಯ ಬೆಲೆ ಮೂರು ಡಾಲರಿದ್ದಾಗ ಒಂದು ಯೂನಿಟ್ಟಿನ ಇಂಧನ ವೆಚ್ಚ ಅರ್ಧ ಸೆಂಟು. 11.65 ಡಾಲರಾದಾಗ ಎರಡು ಸೆಂಟು. 34 ಡಾಲರಿನಲ್ಲಿ ಆರು ಸೆಂಟಿಗೆ ಹತ್ತಿರ. ಎಂಟು ವರ್ಷಗಳಲ್ಲಿ ಹನ್ನೊಂದು ಪಟ್ಟು. ಸ್ಥಾವರ ಅದೇ, ಕೆಲಸಗಾರರು ಅವರೇ.

ಪ್ರತಿಕ್ರಿಯೆ ದೇಶದಿಂದ ದೇಶಕ್ಕೆ ಬೇರೆಯಾಯಿತು. ಸುಮಾರು 40 ಶೇಕಡಾ ವಿದ್ಯುತ್ತನ್ನು ಎಣ್ಣೆಯಿಂದ ಪಡೆಯುತ್ತಿದ್ದ ಫ್ರಾನ್ಸ್ 1974ರ ಮಾರ್ಚಿನಲ್ಲಿ ಪರಮಾಣು ಕೇಂದ್ರಗಳ ಭಾರಿ ಯೋಜನೆಯನ್ನು ಘೋಷಿಸಿತು. ಅಮೆರಿಕ 1978ರಲ್ಲಿ ಹೊಸ ಸ್ಥಾವರಗಳಲ್ಲಿ ಎಣ್ಣೆ, ಅನಿಲಗಳ ಬಳಕೆಯನ್ನು ನಿರ್ಬಂಧಿಸುವ ಕಾನೂನು ತಂದಿತು. ಅದು 1987ರಲ್ಲಿ ರದ್ದಾಯಿತಾದರೂ ಎಣ್ಣೆ ಮರಳಿ ಬರಲಿಲ್ಲ. 1974ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಶಕ್ತಿ ಸಂಸ್ಥೆಯ ಸದಸ್ಯ ರಾಷ್ಟ್ರಗಳು 1979ರಲ್ಲಿ, ಸದಾಕಾಲ ಓಡಿಸುವ ಉದ್ದೇಶದ ಹೊಸ ಎಣ್ಣೆ ಸ್ಥಾವರಗಳನ್ನು ಕಟ್ಟುವುದಿಲ್ಲ ಎಂದು ಒಪ್ಪಿಕೊಂಡವು.

ಹೀಗೆ ಮೂಲೆಗುಂಪಾದ ಸ್ಥಾವರಗಳಿಗೆ ಒಂದು ವಿಚಿತ್ರ ಅವಕಾಶ ಸಿಕ್ಕಿದ್ದು ಬ್ರಿಟನ್ನಿನಲ್ಲಿ. 1984ರ ಮಾರ್ಚಿನಿಂದ 1985ರ ಮಾರ್ಚಿನವರೆಗೆ ಅಲ್ಲಿಯ ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ಹಿಂದೆ ಇಂಥ ಮುಷ್ಕರದಿಂದ ದೇಶ ಕತ್ತಲಾಗಿತ್ತು. ಈ ಬಾರಿ ವಿದ್ಯುತ್ ಮಂಡಳಿ, ಸಂಜೆಯ ಬೇಡಿಕೆಗೆ ಮಾತ್ರ ಓಡಿಸುತ್ತಿದ್ದ ಎಣ್ಣೆಯ ಕೇಂದ್ರಗಳನ್ನು ಹಗಲೂ ರಾತ್ರಿ ಓಡಿಸಿತು. ಖರ್ಚು ವಿಪರೀತವಾಯಿತು, ಆದರೆ ದೀಪ ಆರಲಿಲ್ಲ. ಮುಷ್ಕರ ಮುರಿಯಿತು. ದುಬಾರಿಯೆಂದು ಬದಿಗಿಟ್ಟ ಯಂತ್ರಗಳು ಒಂದು ದೇಶದ ರಾಜಕೀಯವನ್ನೇ ತಿರುಗಿಸಬಲ್ಲವು ಎಂಬುದಕ್ಕೆ ಇಂಥ ಉದಾಹರಣೆ ಇನ್ನೊಂದಿಲ್ಲ.

ನಮ್ಮಲ್ಲಿ

ಭಾರತ ಎಂದೂ ಎಣ್ಣೆಯ ವಿದ್ಯುತ್ತನ್ನು ದೊಡ್ಡದಾಗಿ ನೆಚ್ಚಿದ ದೇಶವಲ್ಲ. ಸಂಸ್ಕರಣಾಗಾರಗಳ ಪಕ್ಕದಲ್ಲಿದ್ದ ಮುಂಬಯಿಯ ಟ್ರಾಂಬೆ, ಗುಜರಾತಿನ ಧುವರನ್ ಮುಂತಾದ ಕೆಲವೇ ಕಡೆ ಬಾಯ್ಲರುಗಳಲ್ಲಿ ಎಣ್ಣೆ ಉರಿಯಿತು. 1970ರಲ್ಲಿ ನೇಮಕಗೊಂಡ ಇಂಧನ ನೀತಿ ಸಮಿತಿ 1974ರ ವರದಿಯಲ್ಲಿ ಕಲ್ಲಿದ್ದಲೇ ನಮ್ಮ ಮುಖ್ಯ ಆಧಾರವಾಗಬೇಕೆಂದು ಹೇಳಿತು. ಅಲ್ಲಿಗೆ ಆ ಅಧ್ಯಾಯ ಮುಗಿದಂತೆಯೇ ಆಗಿತ್ತು.

ಆದರೆ ಕರ್ನಾಟಕದ ಸ್ಥಿತಿ ಬೇರೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದಂದಿನಿಂದ ರಾಯಚೂರಿನ ಮೊದಲ ಘಟಕ ಓಡಿದ 1985ರವರೆಗೂ ನಮ್ಮ ಉತ್ಪಾದನೆಯೆಲ್ಲ ಹೆಚ್ಚುಕಡಿಮೆ ನೀರಿನದೇ. ಶರಾವತಿ ಕಣಿವೆಯಲ್ಲಿ ಮಳೆ ತಪ್ಪಿದರೆ ಬೆಂಗಳೂರಿನಲ್ಲಿ ದೀಪ ಆರುತ್ತಿತ್ತು. ಕಲ್ಲಿದ್ದಲಿನ ಕೇಂದ್ರ ಕಟ್ಟಲು ನಾಲ್ಕೈದು ವರ್ಷ ಬೇಕು, ಗಣಿಗಳಿರುವುದು ಬೇರೆ ರಾಜ್ಯಗಳಲ್ಲಿ. ಡೀಸೆಲ್ ಕೇಂದ್ರವಾದರೆ ಎಂಜಿನುಗಳನ್ನು ತರಿಸಿ ಅಡಿಪಾಯದ ಮೇಲೆ ಕೂರಿಸಿ ಎರಡು ವರ್ಷಕ್ಕೆಲ್ಲ ಓಡಿಸಬಹುದು. 1990ರ ದಶಕದ ಮೊದಲ ಭಾಗದಲ್ಲಿ ಬೆಂಗಳೂರಿನ ಮಗ್ಗುಲಲ್ಲೇ, ಯಲಹಂಕದಲ್ಲಿ, ತಲಾ 21.32 ಮೆಗಾವಾಟಿನ ಆರು ಎಂಜಿನುಗಳ ಕೇಂದ್ರ ಬಂದದ್ದು ಹೀಗೆ. ಒಟ್ಟು 127.92 ಮೆಗಾವಾಟ್. ವಿದ್ಯುತ್ ಬಳಸುವ ಊರಿನಲ್ಲೇ ಉತ್ಪಾದನೆಯಾದ್ದರಿಂದ ಸಾಗಣೆಯ ನಷ್ಟ ಕಡಿಮೆ, ನಗರದ ವೋಲ್ಟೇಜಿಗೂ ಆಸರೆ. ಈ ಎಂಜಿನುಗಳ ದಕ್ಷತೆ ನೂರಕ್ಕೆ 40ನ್ನು ಮೀರುತ್ತದೆ. ಉಗಿ ಕೇಂದ್ರಕ್ಕಿಂತ ಅದು ಮೇಲು. ಕಲ್ಲಿದ್ದಲಿನ ಬಾಯ್ಲರನ್ನು ತಣ್ಣಗಿನ ಸ್ಥಿತಿಯಿಂದ ಏರಿಸಲು ಹಲವು ಗಂಟೆ ಹಿಡಿದರೆ, ಬೆಚ್ಚಗಿಟ್ಟ ಡೀಸೆಲ್ ಎಂಜಿನು ಕೆಲವೇ ನಿಮಿಷಗಳಲ್ಲಿ ಹೊರೆ ಹೊರುತ್ತದೆ.

ತೊಂದರೆ ಇದ್ದುದು ಹೊಟ್ಟೆಯಲ್ಲಿ. ಒಂದು ಯೂನಿಟ್ಟಿಗೆ ಸುಮಾರು 210 ಗ್ರಾಂ ಎಣ್ಣೆ ಎಂದು ಹಿಡಿದರೆ, ಪೂರ್ಣ ಸಾಮರ್ಥ್ಯದಲ್ಲಿ ಒಂದು ದಿನಕ್ಕೆ ಸುಮಾರು 645 ಟನ್. ಇಪ್ಪತ್ತು ಟನ್ನಿನ ಟ್ಯಾಂಕರುಗಳಲ್ಲಾದರೆ ಮೂವತ್ತೆರಡು ಲೋಡು. ಹಾಗಾಗಿ ಯಂತ್ರಗಳೆಲ್ಲ ಸರಿಯಿದ್ದರೂ ಅವನ್ನು ಓಡಿಸುವುದು ಬೇಡವೆನ್ನುವ ಪರಿಸ್ಥಿತಿ. ವಿದ್ಯುತ್ ಜಾಲದಲ್ಲಿ ಯಾವ ಕೇಂದ್ರವನ್ನು ಮೊದಲು ಓಡಿಸಬೇಕು ಎಂಬುದಕ್ಕೆ ಒಂದು ಸರದಿ ಇರುತ್ತದೆ. ಇಂಧನ ಅಗ್ಗವಿರುವುದು ಮೊದಲು, ದುಬಾರಿ ಕೊನೆಗೆ. ನೀರು, ಕಲ್ಲಿದ್ದಲುಗಳೆಲ್ಲ ಮುಗಿದ ಮೇಲೆ ಎಣ್ಣೆಯ ಸರದಿ. 1999ರಲ್ಲಿ ಹಳೆಯ ವಿದ್ಯುತ್ ಮಂಡಳಿ ಒಡೆದಾಗ ಯಲಹಂಕದ ಎಂಜಿನುಗಳು ಶಿವನಸಮುದ್ರ, ಜೋಗದ ಮಹಾತ್ಮ ಗಾಂಧಿ ಕೇಂದ್ರಗಳ ಜೊತೆಗೆ ವಿಶ್ವೇಶ್ವರಯ್ಯ ವಿದ್ಯುತ್ ನಿಗಮಕ್ಕೆ ಸೇರಿದವು. ನಾಡಿನ ಅತಿ ಹಳೆಯ, ಅತಿ ಅಗ್ಗದ ವಿದ್ಯುತ್ತೂ ಅತಿ ದುಬಾರಿ ವಿದ್ಯುತ್ತೂ ಒಂದೇ ಸೂರಿನಡಿ! 2006ರಲ್ಲಿ ಆ ನಿಗಮ ಕರ್ನಾಟಕ ವಿದ್ಯುತ್ ನಿಗಮದಲ್ಲಿ ವಿಲೀನವಾಯಿತು.

1990ರ ದಶಕದ ಮಧ್ಯದಲ್ಲಿ ಕೇಂದ್ರ ಸರ್ಕಾರ ಖಾಸಗಿಯವರಿಗೆ ದ್ರವ ಇಂಧನದ ಸ್ಥಾವರಗಳಿಗೆ ಅನುಮತಿ ಕೊಡತೊಡಗಿದಾಗ ದಕ್ಷಿಣದ ರಾಜ್ಯಗಳು ಸಾಲುಗಟ್ಟಿದವು. ಕೇರಳದ ಬ್ರಹ್ಮಪುರಂನಲ್ಲಿ ಐದು, ಕೋಳಿಕ್ಕೋಡಿನಲ್ಲಿ ಎಂಟು ಡೀಸೆಲ್ ಎಂಜಿನುಗಳು, ಕಾಯಂಕುಳಂನಲ್ಲಿ ನ್ಯಾಫ್ತಾ ಸ್ಥಾವರ, ಚೆನ್ನೈನ ಬೇಸಿನ್ ಬ್ರಿಡ್ಜಿನಲ್ಲಿ, ನಮ್ಮ ಬೆಳಗಾವಿಯಲ್ಲಿ ಡೀಸೆಲ್ ಕೇಂದ್ರಗಳು. ಮಹಾರಾಷ್ಟ್ರದ ದಾಭೋಲ್ ಕೂಡ 1999ರ ಮೇ ತಿಂಗಳಲ್ಲಿ 740 ಮೆಗಾವಾಟಿನ ಮೊದಲ ಹಂತವನ್ನು ಓಡಿಸಿದ್ದು ನ್ಯಾಫ್ತಾದಿಂದ. ಎರಡೇ ವರ್ಷಕ್ಕೆ ಅದನ್ನು ಕೊಳ್ಳಲಾರೆವೆಂದು ಅಲ್ಲಿಯ ಮಂಡಳಿ ಕೈಬಿಟ್ಟ ಕಥೆ ದೇಶಕ್ಕೆಲ್ಲ ಗೊತ್ತು.

ಎಲ್ಲಕ್ಕಿಂತ ಕುತೂಹಲದ್ದು ಮಂಗಳೂರಿನ ತಣ್ಣೀರುಬಾವಿಯದು. 2001ರಲ್ಲಿ ಅಲ್ಲಿ ಬಂದದ್ದು ಬಾರ್ಜಿನ ಮೇಲೆ ಕೂರಿಸಿದ 220 ಮೆಗಾವಾಟಿನ ನ್ಯಾಫ್ತಾ ಸ್ಥಾವರ. ನೆಲದ ಮೇಲೆ ಕಟ್ಟುವ ಬದಲು ತೇಲುವ ತಳಪಾಯದ ಮೇಲೆ ಜೋಡಿಸಿ ಸಮುದ್ರದ ದಾರಿಯಲ್ಲಿ ಎಳೆದು ತಂದರೆ ಸಮಯ ಉಳಿಯುತ್ತದೆ ಎಂಬ ಎಣಿಕೆ. ಸಮಯವೇನೋ ಉಳಿಯಿತು. ರಾಜ್ಯದೊಡನೆ ಏಳು ವರ್ಷಗಳ ಖರೀದಿ ಒಪ್ಪಂದವಿತ್ತು. ಅದು ಮುಗಿದ 2008ರಲ್ಲೇ ಕಚ್ಚಾ ತೈಲ ಬ್ಯಾರೆಲಿಗೆ 147 ಡಾಲರ್ ಮುಟ್ಟಿತು. ಒಪ್ಪಂದ ಮುಂದುವರಿಯಲಿಲ್ಲ. ಬಾರ್ಜು ಬಂದ ದಾರಿಯಲ್ಲೇ ಹೊರಟು, ಪರ್ಯಾಯ ದ್ವೀಪವನ್ನು ಸುತ್ತಿಕೊಂಡು ಆಂಧ್ರದ ಕಾಕಿನಾಡ ಸೇರಿತು. 2010ರಲ್ಲಿ ಅಲ್ಲಿ ಕೃಷ್ಣಾ-ಗೋದಾವರಿ ಕೊಳ್ಳದ ಅನಿಲದಿಂದ ಓಡತೊಡಗಿತು. ಕೆಲವೇ ವರ್ಷಗಳಲ್ಲಿ ಆ ಅನಿಲದ ಹರಿವೂ ಬತ್ತಿ ಯಂತ್ರಗಳು ನಿಂತವು. ಸ್ಥಾವರವನ್ನು ಎಳೆದೊಯ್ಯಬಹುದು, ಇಂಧನ ಜೊತೆಗೆ ಬರಬೇಕಲ್ಲ!

ಈ ಸ್ಥಾವರಗಳ ಬಗ್ಗೆ ಓದುಗರು ತಿಳಿಯಬೇಕಾದ ಇನ್ನೊಂದು ಸಂಗತಿ ಬೆಲೆಯ ಎರಡು ಭಾಗಗಳದು. ಖರೀದಿ ಒಪ್ಪಂದದಲ್ಲಿ ಇಂಧನದ ವೆಚ್ಚ ಒಂದು, ಬಂಡವಾಳದ ಮೇಲಿನ ನಿಗದಿತ ಶುಲ್ಕ ಇನ್ನೊಂದು. ವಿದ್ಯುತ್ ದುಬಾರಿಯೆಂದು ರಾಜ್ಯ ಕೊಳ್ಳದಿದ್ದರೂ, ಸ್ಥಾವರ ಓಡಲು ಸಿದ್ಧವಿದ್ದರೆ ಸಾಕು, ಎರಡನೆಯದನ್ನು ತೆರಲೇಬೇಕು. ಕಾಯಂಕುಳಂ ಸ್ಥಾವರ ಹೀಗೆ ವರ್ಷಗಟ್ಟಲೆ ಸುಮ್ಮನೆ ನಿಂತಿದ್ದಾಗಲೂ ಕೇರಳದ ಮಂಡಳಿ ಹಣ ಕಟ್ಟಿತು. ಬೇಸಿಗೆಯ ಒಂದು ಕೊರತೆಗೆ ಅವಸರದಲ್ಲಿ ಮಾಡಿದ ಸಹಿ ಹಲವು ಮಳೆಗಾಲಗಳ ಕಾಲ ಗ್ರಾಹಕನ ಬಿಲ್ಲಿನಲ್ಲಿ ಉಳಿದುಬಿಡುತ್ತದೆ. ಹಾಗೆಂದು ಆ ಸಹಿ ಹಾಕಿದವರನ್ನೆಲ್ಲ ಮೂರ್ಖರೆನ್ನುವುದೂ ನ್ಯಾಯವಲ್ಲ. ದಿನಕ್ಕೆ ಹಲವು ಗಂಟೆ ವಿದ್ಯುತ್ ಇಲ್ಲದ ಊರಿನಲ್ಲಿ ಸಣ್ಣ ಕಾರ್ಖಾನೆಯವನು ತನ್ನದೇ ಡೀಸೆಲ್ ಜನರೇಟರ್ ಕೊಂಡು ಇನ್ನೂ ದುಬಾರಿ ವಿದ್ಯುತ್ತನ್ನು ತಾನೇ ಮಾಡಿಕೊಳ್ಳುತ್ತಿದ್ದ. ತೊಂಬತ್ತರ ದಶಕದ ಬೆಂಗಳೂರಿನಲ್ಲಿ ಬದುಕಿದವರಿಗೆ ಆ ಗಡಗಡ ಸದ್ದು, ಆ ನೀಲಿ ಹೊಗೆ ಮರೆತಿರಲಾರದು. ಅವೆಲ್ಲವೂ ಎಣ್ಣೆಯ ವಿದ್ಯುತ್ ಸ್ಥಾವರಗಳೇ. ಸರ್ಕಾರಿ ಪಟ್ಟಿಯಲ್ಲಿ ಸೇರಿಲ್ಲ, ಅಷ್ಟೆ.

2010ರ ಸುಮಾರಿಗೆ ದೇಶದ ಪಟ್ಟಿಯಲ್ಲಿದ್ದ ಡೀಸೆಲ್ ಸಾಮರ್ಥ್ಯ ಹತ್ತಿರ ಹತ್ತಿರ 1,200 ಮೆಗಾವಾಟ್. ಈಗ ಅದರ ಅರ್ಧದಷ್ಟು. ಯಲಹಂಕದ ಎಂಜಿನುಗಳು ಹೋಗಿ ಅಲ್ಲಿ 370 ಮೆಗಾವಾಟಿನ ಅನಿಲ ಸ್ಥಾವರ ಬಂದಿದೆ. ಕಾಯಂಕುಳಂನ ಹಿನ್ನೀರಿನ ಮೇಲೆ 2022ರಲ್ಲಿ 92 ಮೆಗಾವಾಟಿನ ತೇಲುವ ಸೌರಫಲಕಗಳು ಹರಡಿಕೊಂಡವು. ಹೊರದೇಶಗಳಲ್ಲಿ ಎಣ್ಣೆ ಉಳಿದಿರುವುದು ಮುಖ್ಯವಾಗಿ ಎರಡು ಬಗೆಯ ಕಡೆ. ಎಣ್ಣೆ ತಮ್ಮದೇ ಆಗಿರುವಲ್ಲಿ, ಸೌದಿ ಅರೇಬಿಯಾದ ಕೆಂಪು ಸಮುದ್ರ ತೀರದಲ್ಲಿ 5,600 ಮೆಗಾವಾಟಿನ ಶುಐಬಾ ಸ್ಥಾವರ ಇದ್ದಂತೆ. ಅಥವಾ ಬೇರೆ ಯಾವುದೂ ತಲುಪದ ದ್ವೀಪಗಳಲ್ಲಿ, ಹವಾಯಿಯಂತೆ. 2011ರಲ್ಲಿ ಫುಕುಶಿಮಾ ದುರಂತದ ನಂತರ ಪರಮಾಣು ಕೇಂದ್ರಗಳು ನಿಂತಾಗ ಜಪಾನ್ ಬೀಗ ಹಾಕಿದ್ದ ಹಳೆಯ ಎಣ್ಣೆ ಸ್ಥಾವರಗಳನ್ನು ಮತ್ತೆ ಹೊತ್ತಿಸಿಕೊಂಡಿತು, ಕೆಲವು ವರ್ಷಗಳ ಮಟ್ಟಿಗೆ.

ನಮ್ಮ ಕರಾವಳಿಯ ಆಚೆಗಿರುವ ಲಕ್ಷದ್ವೀಪದಲ್ಲಿ 1962ರಲ್ಲಿ ಮಿನಿಕಾಯ್ ದ್ವೀಪಕ್ಕೆ ಮೊದಲು ವಿದ್ಯುತ್ ಬಂದದ್ದು ಡೀಸೆಲ್ ಎಂಜಿನಿನಿಂದ. ಸೌರಫಲಕಗಳು ಬಂದಿದ್ದರೂ ಇಂದಿಗೂ ಆ ದ್ವೀಪಗಳ ರಾತ್ರಿಯ ದೀಪಗಳಿಗೆ ಮುಖ್ಯ ಆಧಾರ ಹಡಗಿನಲ್ಲಿ ಬರುವ ಡೀಸೆಲ್ಲೇ. ಇತ್ತ ರಾಯಚೂರಿನಂಥ ಕಲ್ಲಿದ್ದಲು ಕೇಂದ್ರಗಳಲ್ಲೂ ಎಣ್ಣೆಯ ತೊಟ್ಟಿ ಇದ್ದೇ ಇದೆ. ತಣ್ಣಗಾದ ಕುಲುಮೆಯಲ್ಲಿ ಕಲ್ಲಿದ್ದಲಿನ ಪುಡಿ ತಾನಾಗಿ ಹೊತ್ತಿಕೊಳ್ಳದು. ಮೊದಲು ಎಣ್ಣೆಯ ಬರ್ನರುಗಳನ್ನು ಉರಿಸಿ ಗೋಡೆಗಳನ್ನು ಕಾಯಿಸಬೇಕು. ಮಳೆಗಾಲದಲ್ಲಿ ತೇವವಾದ ಕಳಪೆ ಕಲ್ಲಿದ್ದಲಿನಿಂದ ಜ್ವಾಲೆ ನಡುಗತೊಡಗಿದರೆ ಆಗಲೂ ಎಣ್ಣೆಯೇ ಕೈಹಿಡಿಯಬೇಕು. ಒಂದು ಯೂನಿಟ್ಟಿಗೆ ಎಷ್ಟು ಮಿಲಿಲೀಟರ್ ಎಣ್ಣೆ ಖರ್ಚಾಯಿತು ಎಂಬ ಅಂಕಿಯನ್ನು ಪ್ರತಿ ಕೇಂದ್ರವೂ ಬರೆದಿಡುತ್ತದೆ. ಅದು ಕಡಿಮೆಯಿದ್ದಷ್ಟೂ ಆ ಕೇಂದ್ರದವರಿಗೆ ಹೆಮ್ಮೆ.